ಅಕ್ಕೋರ ಬಿಳಿ ಬಟ್ಟೆ

ಹೋದ ವಾರ ಕದ್ವಾಡಕ್ಕೆ ಹೋಗಿ ಬಂದೆ. ಅಕ್ಕೋರು ತೀರಿಕೊಂಡು ಅಂದಿಗೆ ಹನ್ನೆರಡು ದಿನ. ಸುದ್ದಿ ಬಂದಾಗ ನಾನು ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದೆ. ನಮ್ಮ ಅಂಗಡಿಯ ಪರವಾಗಿ ಗಣಪತಿ ಒಬ್ಬನೇ ಸ್ಮಶಾನದವರೆಗೂ ಹೋಗಿದ್ದ. ಗಣಪತಿ ಎಂದರೆ ನನ್ನ ಪಾಲುದಾರ, ನನಗಿಂತ ನಾಲ್ಕು ವರ್ಷ ದೊಡ್ಡವನು. ಅಂಕೋಲೆಯಲ್ಲಿ ನಾವಿಬ್ಬರೂ ಸೇರಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದೇವೆ. ಈ ಸಲ ಅಂಗಡಿಯನ್ನು ಅವನಿಗೆ ಒಪ್ಪಿಸಿ ನಾನು ಬೈಕು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಹೆಂಗಸಿಗೆ ನಾನು ಒಮ್ಮೆಯಾದರೂ ಬಾಯಿ ಬಿಟ್ಟು ಉಪಕಾರವಾಯಿತು ಅಂದಿದ್ದೇನೆಯೇ? ಅಂದ ನೆನಪಿಲ್ಲ. ಬೆನ್ನ ಹಿಂದೆ ಆಡಿಕೊಂಡದ್ದು ನೆನಪಿದೆ. ಒಮ್ಮೆ ಅವರ ಅನ್ನಕ್ಕೆ ಕಲ್ಲು ಹಾಕಿದ್ದು ಅದಕ್ಕಿಂತ ಚೆನ್ನಾಗಿ ನೆನಪಿದೆ. ಅದನ್ನೂ ಸೇರಿಸಿಯೇ ಈಗ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಶಾಲೆಯ ಅಕ್ಕೋರಲ್ಲ. ಕಾರವಾರದ ಬಂದರದ ಹತ್ತಿರ ಮೀನುಗಾರಿಕೆಯ ಬೋಟುಗಳ ಕಬ್ಬಿಣದ ಕೆಲಸ ಮಾಡುವ ಒಂದು ವರ್ಕ್‌ಶಾಪಿತ್ತು. ಗಣಪತಿ ಮತ್ತು ನಾನು ಅಲ್ಲಿ ವೆಲ್ಡರುಗಳು, ಇವರು ಅಲ್ಲಿಯ ಸ್ಟೋರ್ ನೋಡಿಕೊಳ್ಳುವವರು. ಸ್ಟೋರೆಂದರೆ ಮುಖ್ಯವಾಗಿ ಗ್ಯಾಸ್ ಸಿಲಿಂಡರುಗಳು. ಗಡ್ಡ ಮೀಸೆ ಬಂದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೈ ತೋರಿಸಿ ಅನ್ನುತ್ತಿದ್ದರಲ್ಲ, ಅದಕ್ಕೇ ನಾವು ಹಲ್ಲು ಕಿಸಿಯುತ್ತ ಆ ಹೆಸರಿಟ್ಟೆವು. ಅವರಿಗೆ ಸಿಟ್ಟು ಬರಲಿ ಎಂದೇ ಇಟ್ಟದ್ದು. ಬರಲಿಲ್ಲ. ಅಕ್ಕೋರೇ ಅಂದರೆ ಓ ಅನ್ನುತ್ತಿದ್ದರು, ಅಷ್ಟೇ. ಆಮೇಲೆ ನಮಗೆ ಅವರ ನಿಜವಾದ ಹೆಸರೇ ಬೇಕಾಗಲಿಲ್ಲ.

ಗಿಡ್ಡ ಆಳು. ನೂಲಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಕಾಲಲ್ಲಿ ಗಂಡಸರ ಬೂಟು. ಮುಡಿಯಲ್ಲಿ ಒಂದು ಸಣ್ಣ ಅಬೋಲಿ ಹೂವಿನ ದಂಡೆ ಇದ್ದೇ ಇರುತ್ತಿತ್ತು, ಆದರೆ ಕೂದಲು ಮಾತ್ರ ತೆಂಗಿನ ನಾರಿನಂತೆ ಒಣಗಿ ಹಾರಾಡುತ್ತಿತ್ತು. ನಮ್ಮ ಕರಾವಳಿಯ ಹೆಂಗಸರ ತಲೆಯಲ್ಲಿ ಎಣ್ಣೆ ಇಲ್ಲದಿದ್ದರೆ ಮನೆಯಲ್ಲಿ ಏನೋ ಆಗಿದೆ ಎಂದೇ ತಿಳಿಯುತ್ತಾರೆ. ತೆಂಗಿನೆಣ್ಣೆಗೂ ಗತಿಯಿಲ್ಲವೇನೋ ಪಾಪ ಎಂದು ನಾವೂ ಮಾತಾಡಿಕೊಂಡೆವು. ಅದು ಬಡತನವಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಸ್ಟೋರ್ ಅಂಗಳದ ಹಿಂಬದಿಗಿತ್ತು. ಮೇಲೆ ಹಂಚು, ಗಾಳಿಯಾಡಲಿ ಎಂದು ಮೂರು ಕಡೆ ಜಾಳಿಗೆ. ನಡುವೆ ಒಂದು ಇಟ್ಟಿಗೆಯ ಗೋಡೆ. ಗೋಡೆಯ ಈಚೆ ಕಪ್ಪು ಬಣ್ಣದ ಆಕ್ಸಿಜನ್, ಆಚೆ ಕೆಂಗಂದು ಬಣ್ಣದ, ಉರಿಯುವ ಗ್ಯಾಸ್. ತುಂಬಿದ್ದು ಒಂದು ಕಡೆ, ಮುಗಿದದ್ದು ಒಂದು ಕಡೆ, ಎಲ್ಲದರ ಮೈಮೇಲೂ ಸೀಮೆಸುಣ್ಣದ ಬರಹ. ಪ್ರತಿಯೊಂದೂ ನೆಟ್ಟಗೆ ನಿಂತು, ಸೊಂಟಕ್ಕೆ ಸರಪಳಿ ಕಟ್ಟಿಸಿಕೊಂಡು, ತಲೆಗೆ ಟೊಪ್ಪಿ ಹಾಕಿಕೊಂಡಿರಬೇಕು. ಟ್ರಾಲಿ ಬಿಟ್ಟು ಸಿಲಿಂಡರನ್ನು ನೆಲದ ಮೇಲೆ ಉರುಳಿಸಿಕೊಂಡು ಹೊರಟವನನ್ನು ಅರ್ಧದಲ್ಲಿ ನಿಲ್ಲಿಸುತ್ತಿದ್ದರು.

"ಅಜ್ಜಿಯನ್ನ ಬಸ್ಸು ಹತ್ತಿಸೂದಾದ್ರೆ ಹೀಗೇ ಉರುಳಿಸ್ತ್ಯಾ? ಹಿಡಿದು ಕರ್ಕಂಡು ಹೋಗು."

ಮುಗಿದ ಸಿಲಿಂಡರಿನ ವಾಲ್ವು ತಿರುಗಿಸಿ ಮುಚ್ಚದೆ ಹಾಗೇ ತಂದಿಟ್ಟವನಿಗೆ ಬೇರೆ ಪಾಠ. "ಖಾಲಿ ಅಂದ್ರೆ ಪೂರಾ ಖಾಲಿ ಅಲ್ಲ ತಮಾ. ಒಳಗೆ ಇನ್ನೂ ಇರ್ತದೆ. ಬಾಗ್ಲು ಹಾಕು."

ಸ್ಟೋರಿನ ಮುಂಭಾಗಕ್ಕೊಂದು ಕಿಟಕಿ. ಕಿಟಕಿಯ ಸರಳಿಗೆ ಒಂದು ಬಿಳಿ ಬಟ್ಟೆ, ಅವರ ಗಂಡನ ಹಳೆಯ ಪಂಚೆಯ ತುಂಡು. ಸಿಲಿಂಡರಿನ ಬಾಯಿ ತೆರೆಯುವ ಚಾವಿ ಒಳಗಿನ ಮೊಳೆಯಲ್ಲಿ. ಚಾವಿ ಬೇಕಾದವನು ಮೊದಲು ಆ ಬಟ್ಟೆಗೆ ಕೈ ಒರೆಸಬೇಕು. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಸಂಶಯ ಬಂದರೆ ಮೂಸುತ್ತಿದ್ದರು. ಜಿಡ್ಡು ಕಂಡರೆ ಚಾವಿ ಇಲ್ಲ. ಸಾಬೂನು ಹಚ್ಚಿ ತೊಳೆದು ಮತ್ತೆ ಬರಬೇಕು. ಪಕ್ಕದಲ್ಲಿದ್ದ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು: ಕೈಯಲ್ಲಿ ಎಣ್ಣೆ. ಚಾವಿ ಕೊಟ್ಟಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಈ ಪರೀಕ್ಷೆಯಲ್ಲಿ ಅರ್ಧ ಜನ ನಪಾಸು. ಬುತ್ತಿಯಲ್ಲಿ ಹುರಿದ ಮೀನಿಲ್ಲದ ದಿನ ನಮ್ಮಲ್ಲಿ ಎಲ್ಲಿದೆ? ಅಕ್ಕೋರು ಬಟ್ಟೆ ಮೂಸಿ, "ಬಂಗಡೆ" ಅನ್ನುತ್ತಿದ್ದರು. ಮುಂದಿನವನದು ಮೂಸಿ, "ತಾರ್ಲೆ. ಇದ್ರ ಜಿಡ್ಡು ಒಂದು ತೊಳೆತಕ್ಕೆ ಹೋಗೂದಿಲ್ಲ, ಎರಡು ಸಲ ತೊಳಿ." ತಪ್ಪಿದ್ದೇ ಇಲ್ಲ. ಮೀನು ಸಿಗದೆ ಬರೀ ಸಾರು ಅನ್ನ ಉಂಡು ಬಂದವನ ಬಟ್ಟೆ ಮೂಸಿ, "ಅಯ್ಯೋ ಪಾಪ" ಎಂದು ಚಾವಿ ಕೊಟ್ಟದ್ದೂ ಇದೆ.

ಇಷ್ಟಕ್ಕೂ ಎಣ್ಣೆಯ ಮೇಲೆ ಏಕೆ ಇಷ್ಟು ಹಗೆ ಎಂದರೆ ಕಾರಣವಿದೆ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಆದರೆ ಸಿಲಿಂಡರಿನೊಳಗೆ ಅದನ್ನು ಒತ್ತಿ ಒತ್ತಿ ತುಂಬಿರುತ್ತಾರೆ. ಬಾಯಿ ತೆರೆದೊಡನೆ ಆ ರಭಸದಲ್ಲಿ ಬರುವ ಆಕ್ಸಿಜನ್ನಿಗೆ ಎಣ್ಣೆಯ ಪಸೆ ಸಿಕ್ಕರೆ ಕಡ್ಡಿ ಗೀರುವುದೇ ಬೇಡ, ಅಲ್ಲೇ ಹೊತ್ತಿಕೊಂಡು ಸಿಡಿಯಬಹುದು. ಎದುರಿಗೆ ಇರುವುದು ತೆರೆಯುವವನ ಮುಖ. ನಾನು ಐಟಿಐಯಲ್ಲಿ ಇದನ್ನು ಓದಿ ಪಾಸಾದವನು. ಆದರೆ ಓದಿದ್ದು ಬೇರೆ, ಹುಟ್ಟಿನಿಂದ ಬಂದದ್ದು ಬೇರೆ. ನಮ್ಮ ಮನೆಗಳಲ್ಲಿ ಬಾಗಿಲು ಕಿರ್ರೆಂದರೆ ತೆಂಗಿನೆಣ್ಣೆ, ಬೀಗ ಹಿಡಿದರೆ ತೆಂಗಿನೆಣ್ಣೆ, ಸೈಕಲ್ಲಿನ ಚೈನಿಗೆ, ಕತ್ತರಿಯ ಮೊಳೆಗೆ, ಮಗುವಿನ ಕಿವಿಗೆ ಎಲ್ಲಕ್ಕೂ ಅದೇ. ಉಪ್ಪುಗಾಳಿಗೆ ಕಬ್ಬಿಣ ಹಿಡಿದುಕೊಂಡರೆ ನಮ್ಮ ಕೈ ತಾನಾಗಿ ಎಣ್ಣೆ ಬಾಟಲಿ ಹುಡುಕುತ್ತದೆ.

ಆಯುಧ ಪೂಜೆಯ ದಿನ ದೊಡ್ಡ ಜಗಳವಾಗುತ್ತಿತ್ತು. ಎಲ್ಲ ಯಂತ್ರಗಳಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ನಾಮ ಎಳೆಯುವುದು ನಮ್ಮ ರೂಢಿ. ಅಕ್ಕೋರು ಸ್ಟೋರಿನ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಣ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ದೀಪ ಮಾತ್ರ ಹೊರಗೆ. ದೇವರ ಕೆಲಸಕ್ಕೂ ಅಡ್ಡ ಬರ್ತೀರಲ್ಲ ಎಂದು ಯಾರೋ ಕೇಳಿದರು. "ದೇವ್ರ ಎಣ್ಣೆಯಾದ್ರೂ ಎಣ್ಣೆಯೇ" ಎಂದು ಹೇಳಿ ಅವರು ಅಲ್ಲಿಂದ ಅಲ್ಲಾಡಲಿಲ್ಲ.

ಇಂಥ ಹೆಂಗಸಿಗೆ ಹಿಂದೆ ಏನೋ ದೊಡ್ಡ ದುಃಖವಾಗಿರಲೇಬೇಕು ಎಂದು ನಮ್ಮ ತೀರ್ಮಾನ. ಗಂಡ ಸಿಲಿಂಡರ್ ಸಿಡಿದು ಹೋದನಂತೆ ಎಂದು ಒಬ್ಬ. ಮುಡಿಯಲ್ಲಿ ಹೂವಿದೆಯಲ್ಲ, ಗಂಡನಲ್ಲ, ಹಣಕೋಣದ ತವರಿನಲ್ಲಿದ್ದ ತಮ್ಮ ಎಂದು ಇನ್ನೊಬ್ಬ. ಕತೆ ಬೆಳೆಯುತ್ತ ಹೋಯಿತು. ಯಾರೂ ಅವರನ್ನೇ ಕೇಳಲಿಲ್ಲ, ಕೇಳಿದರೆ ಕತೆ ಮುಗಿದುಹೋಗುತ್ತದಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಮಳೆಗಾಲದಲ್ಲಿ ಮೀನುಗಾರಿಕೆ ಬಂದಾದಾಗ ಬೋಟುಗಳೆಲ್ಲ ದಡಕ್ಕೆ ಬಂದು ದುರಸ್ತಿಗೆ ಕೂರುತ್ತವೆ. ಬಂದ್ ಮುಗಿಯುವ ಹಿಂದಿನ ದಿನ ಅಂದರೆ ನಮಗೆ ಉಸಿರು ಬಿಡಲು ಹೊತ್ತಿಲ್ಲ. ಆ ದಿನ ಒಂದು ಬೋಟಿನ ಬಲೆ ಎಳೆಯುವ ಯಂತ್ರದ ಕಾಲು ಕತ್ತರಿಸಿ ಹೊಸದು ಕೂರಿಸಬೇಕಿತ್ತು. ಮಧ್ಯಾಹ್ನದ ಭರತಿಗೆ, ಅಂದರೆ ಸಮುದ್ರದ ನೀರು ಏರಿದಾಗ, ಬೋಟು ನೀರಿಗೆ ಇಳಿಯಬೇಕು. ಆ ಭರತಿ ತಪ್ಪಿದರೆ ಹಂಗಾಮಿನ ಮೊದಲ ದಿನವೇ ತಪ್ಪಿದಂತೆ. ಬೋಟಿನ ಮಾಲೀಕ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ನಮ್ಮ ಸಾವಕಾರ್ರು, ಅಂದರೆ ವರ್ಕ್‌ಶಾಪಿನ ಯಜಮಾನರು, ಐದು ನಿಮಿಷಕ್ಕೊಮ್ಮೆ ಫೋನು.

ಬೆಳಿಗ್ಗೆ ಬಟ್ಟೆಗೆ ಕೈ ಒರೆಸಿ, ಪಾಸಾಗಿ, ಚಾವಿ ತಂದು ಗಣಪತಿಗೆ ಕೊಟ್ಟೆ. ಹೊಸ ಆಕ್ಸಿಜನ್ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಲು ಹೋದರೆ ನಟ್ಟು ಅರ್ಧ ಸುತ್ತು ತಿರುಗಿ ಹಿಡಿದುಕೊಂಡಿತು. ಬಿಚ್ಚಿ ಮತ್ತೆ ಹಾಕಿದೆ, ಅದೇ ಹಾಡು. ಇನ್ನೊಂದು ರೆಗ್ಯುಲೇಟರ್ ರಿಪೇರಿಗೆ ಹೋಗಿತ್ತು. ಗಣಪತಿ ಪೈಪು ಎಳೆದು ತರಲು ಆಚೆ ಹೋಗಿದ್ದ. ಗೋಡೆಯ ಮೇಲೆ ಗಣಪತಿ ದೇವರ ಪಟ, ಅದರ ಕೆಳಗೆ ದೀಪದೆಣ್ಣೆಯ ಬಾಟಲಿ. ನಾನು ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ಹೋಯಿತು, ಬಾಟಲಿ ತಂದಿತು, ನಟ್ಟಿನ ಸುತ್ತಿಗೆ ನಾಲ್ಕು ಹನಿ ಬಿಟ್ಟಿತು. ನಟ್ಟು ಬೆಣ್ಣೆಯಂತೆ ಏರಿ ಕೂತಿತು. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಹೆಮ್ಮೆಯೇ ಆಯಿತು.

ಆಮೇಲೆ ಕತ್ತರಿಸುವ ಬರ್ನರಿಗೆ ಒಂದು ನಾಝಲ್ ಬೇಕೆಂದು ಕಿಟಕಿಗೆ ಹೋದೆ. ಅಕ್ಕೋರು ಬಟ್ಟೆ ಮುಂದೆ ಮಾಡಿದರು. ಬೆಳಿಗ್ಗೆ ಒರೆಸಿದ್ದೇನಲ್ಲ ಎಂದೆ. ಬಟ್ಟೆ ಅಲ್ಲೇ ಇತ್ತು. ಒರೆಸಿದೆ. ಅವರು ಬೆಳಕಿಗೆ ಹಿಡಿದರು, ಮೂಸಿದರು, ಮತ್ತೊಮ್ಮೆ ಮೂಸಿದರು.

"ಇದು ಮೀನಲ್ಲ. ಊಟದ ಹೊತ್ತೂ ಆಗ್ಲಿಲ್ಲ. ತೆಂಗಿನೆಣ್ಣೆ. ಎಲ್ಲಿ ಹಚ್ಚಿದೆ?"

"ಎಲ್ಲೂ ಇಲ್ಲ ಅಕ್ಕೋರೇ."

ಅವರ ಕಣ್ಣು ನನ್ನನ್ನು ದಾಟಿ ದೇವರ ಪಟದ ಕೆಳಗೆ ಹೋಯಿತು. ಬಾಟಲಿ ಅಲ್ಲಿರಲಿಲ್ಲ. ನಾನು ಬಿಟ್ಟು ಬಂದಿದ್ದ ಜಾಗದಲ್ಲಿ, ಸಿಲಿಂಡರಿನ ಬುಡದಲ್ಲಿತ್ತು. ಅಲ್ಲಿ ಗಣಪತಿ ಚಾವಿಯನ್ನು ವಾಲ್ವಿಗೆ ಸಿಕ್ಕಿಸಿ, ರೆಗ್ಯುಲೇಟರಿನ ಮೇಲೆ ಬಗ್ಗಿ ನಿಂತಿದ್ದ. ಅಕ್ಕೋರು ಸ್ಟೋರಿನಿಂದ ಹೇಗೆ ಹೊರಬಂದರೋ ನಾನು ನೋಡಲಿಲ್ಲ. ಆ ಗಂಡಸರ ಬೂಟಿನಲ್ಲಿ ಓಡುತ್ತಿದ್ದರು. ಆದರೆ ಕೂಗಲಿಲ್ಲ. ಹತ್ತಿರ ಹೋಗಿ, ದಿನಾ ಮಾತಾಡುವ ದನಿಯಲ್ಲೇ ಕೈ ಚಾಚಿದರು.

"ಗಣಪತೀ, ಆ ಚಾವಿ ನನ್ನ ಕೈಯಾಗೆ ಕೊಡು."

ಅವನು ಕೊಟ್ಟ. ಅಷ್ಟೇ ನಡೆದದ್ದು. ಕೂಗಿದ್ದರೆ ಅವನು ಬೆಚ್ಚಿ ಕೈ ತಿರುಗಿಸುತ್ತಿದ್ದ ಎಂದು ಎಷ್ಟೋ ದಿನಗಳ ನಂತರ ಅಕ್ಕೋರು ಹೇಳಿದರು.

ಆ ಸಿಲಿಂಡರಿಗೆ ಕೆಂಪು ಬಟ್ಟೆ ಕಟ್ಟಿ ಬೇರೆ ನಿಲ್ಲಿಸಿದರು. ಗ್ಯಾಸ್ ಕಂಪನಿಯ ಗಾಡಿಯವರು ಬಂದು ಒಯ್ಯುವವರೆಗೆ ಯಾರೂ ಮುಟ್ಟಬಾರದು. ರೆಗ್ಯುಲೇಟರನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಒಳಗಿಟ್ಟರು. ಕೆಲಸ ನಿಂತಿತು. ಭರತಿ ಬಂತು, ಹೋಯಿತು. ಬೋಟು ದಡದಲ್ಲೇ ಉಳಿಯಿತು. ಬೋಟಿನ ಮಾಲೀಕ ಸಾವಕಾರ್ರಿಗೆ ಎಲ್ಲರೆದುರು ಆಡಬಾರದ ಮಾತಾಡಿ ಹೋದ.

ಸಾವಕಾರ್ರು ಕೆಂಡವಾಗಿದ್ದರು. ಕಾಗದ ಬಿಚ್ಚಿ ರೆಗ್ಯುಲೇಟರನ್ನು ಮೂಗಿನ ಹತ್ತಿರ ಹಿಡಿದರು. ಅವರು ದಿನಕ್ಕೆ ಹತ್ತು ಸಲ ನಶ್ಯ ಏರಿಸುವವರು. ಆ ಮೂಗಿಗೆ ಕೊಳೆತ ಮೀನಿನ ವಾಸನೆಯೂ ತಾಗುತ್ತಿರಲಿಲ್ಲ.

"ಎಣ್ಣೆ ಎಲ್ಲಿದೆ ಬಾಯೀ? ನಂಗೇನೂ ವಾಸನೆ ಬರೂದಿಲ್ಲ."

"ಇದೆ. ಬಟ್ಟೆಯಾಗೂ ಇದೆ ನೋಡಿ."

"ಆ ಬಟ್ಟೆಗೆ ಹತ್ತು ಜನ ಕೈ ಒರೆಸ್ತಾರೆ." ಸಾವಕಾರ್ರು ನನ್ನ ಕಡೆ ತಿರುಗಿದರು. "ನೀ ಹೇಳು. ಹಚ್ಚಿದ್ಯಾ?"

ಅಂಗಳದಲ್ಲಿ ಹತ್ತು ಜನರಿದ್ದರು. ಹೌದು ಎಂದರೆ ಅದೇ ಗಳಿಗೆಯಲ್ಲಿ ನಾನು ಮನೆಗೆ. ಮೇಲಾಗಿ ಏನೂ ಆಗಿರಲಿಲ್ಲವಲ್ಲ, ಗಣಪತಿ ಗುಂಡುಕಲ್ಲಿನ ಹಾಗೆ ನಿಂತಿದ್ದ. ನಾನು ಇಲ್ಲ ಎಂದೆ.

ಸಾವಕಾರ್ರು ಅಕ್ಕೋರ ಕೈಯಿಂದ ಸ್ಟೋರಿನ ಚಾವಿ ಗೊಂಚಲು ತೆಗೆದುಕೊಂಡರು. ನಾಳೆಯಿಂದ ಬರುವುದು ಬೇಡ, ಬೇಕಾದರೆ ಹೇಳಿ ಕಳಿಸುತ್ತೇನೆ ಎಂದರು. ಅಕ್ಕೋರು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡರು. ಬಿಳಿ ಬಟ್ಟೆಯನ್ನು ಜಾಲಾಡಿ, ಹಿಂಡಿ, ಸರಳಿಗೆ ಮತ್ತೆ ಕಟ್ಟಿದರು. ಗೇಟಿನ ಹತ್ತಿರ ಗಣಪತಿಗೆ ಮಾತ್ರ ಒಂದು ಮಾತು ಹೇಳಿದರು. "ಕೈ ಒರೆಸ್ಕಂಡೇ ಮುಟ್ಟು." ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಅಕ್ಕೋರು ಇಲ್ಲದ ಸ್ಟೋರು ನಾಲ್ಕೇ ದಿನದಲ್ಲಿ ಸಂತೆಯಾಯಿತು. ತುಂಬಿದ್ದೂ ಖಾಲಿಯದೂ ಒಟ್ಟಿಗೆ ಬಿದ್ದವು. ಸರಪಳಿಗಳು ನೇತಾಡಿದವು. ಒಂದು ದಿನ ಭಾರದ ಯಂತ್ರವೊಂದನ್ನು ಸರಿಸಲು ಇಬ್ಬರು ಖಾಲಿ ಸಿಲಿಂಡರನ್ನೇ ಅಡ್ಡ ಮಲಗಿಸಿ ಅದರ ಮೇಲೆ ಉರುಳಿಸಿದರು. ದಡದಲ್ಲಿ ದೋಣಿ ಎಳೆಯುವಾಗ ಅಡಿಗೆ ಮರದ ದಿಮ್ಮಿ ಕೊಡುತ್ತಾರಲ್ಲ, ಅದೇ ಅಭ್ಯಾಸ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಗಣಪತಿ ಒಬ್ಬ ಮಾತ್ರ ಪ್ರತಿ ಸಲ ಕಿಟಕಿಗೆ ಹೋಗಿ ಆ ಬಟ್ಟೆಗೆ ಕೈ ಒರೆಸಿ, ತಾನೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಚಾ ಕುಡಿಯುವಾಗ, ಇನ್ನೂ ಯಾಕೆ ಈ ನಾಟಕ ಎಂದು ನಾನೇ ಕೇಳಿದೆ. ತಪ್ಪು ಮಾಡಿದವನಿಗೆ ಅದರ ಹತ್ತಿರವೇ ಸುಳಿದಾಡುವ ಚಟ.

ಅವನು ಲೋಟ ಕೆಳಗಿಟ್ಟ. "ನೀ ಹಚ್ಚಲಿಲ್ಲ ಅಂದೆ. ನಂಗೆ ನಿನ್ನ ಮೇಲೆ ನಂಬ್ಕೆ ಇದೆ ತಮಾ. ಅಕ್ಕೋರು ಹಚ್ಚಿದ್ದಾನೆ ಅಂದ್ರು. ಅವ್ರು ಸುಳ್ಳು ಹೇಳೂ ಜನ ಅಲ್ಲ. ಎರಡೂ ಖರೆ ಹ್ಯಾಂಗೆ ಆಗ್ತದೆ ಅಂತ ಮೂರು ದಿನದಿಂದ ಯೋಚನೆ ಮಾಡ್ತೆ ಇದ್ದೆ. ನಂಗೆ ತಿಳೀಲಿಲ್ಲ."

ವ್ಯಂಗ್ಯವಾಗಿ ಹೇಳಿದ್ದರೆ ನಾನೂ ಏನಾದರೂ ಹೇಳಿ ಪಾರಾಗುತ್ತಿದ್ದೆ. ಅವನು ನಿಜವಾಗಿಯೂ ಯೋಚಿಸುತ್ತಿದ್ದ.

ಆದಿತ್ಯವಾರ ಕದ್ವಾಡಕ್ಕೆ ಹೋದೆ. ಮನೆ ಕೇಳಿಕೊಂಡು ಅಂಗಳಕ್ಕೆ ಕಾಲಿಟ್ಟರೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ಕಪ್ಪಗೆ ಮಿರಮಿರ ಮಿಂಚುವ, ಬೆನ್ನು ತುಂಬುವ ಕೂದಲು. ಅಕ್ಕೋರು ಇದ್ದಾರೆಯೇ ಎಂದು ಕೇಳಿದೆ. ಆಕೆ ತಿರುಗಿದರು. ಅವರೇ.

ನನ್ನ ಕಣ್ಣು ಆ ಕೂದಲಿನ ಮೇಲೇ ಇತ್ತು. ಅವರು ಎಣ್ಣೆ ಬಟ್ಟಲನ್ನು ಬದಿಗೆ ಸರಿಸಿದರು. "ಆಯ್ತವಾರ ಒಂದು ದಿನ ಹಚ್ತೆ. ಸೋಮವಾರ ಬೆಳಿಗ್ಗೆ ಶಿಗೆಕಾಯಿ ಹಾಕಿ ತೊಳ್ದು ಬರೂದು. ತಲೆ ಮುಟ್ಟಿದ ಕೈಯೇ ಚಾವಿ ಮುಟ್ಟೂದಲ್ವಾ?" ಎಂದರು. ಆಮೇಲೆ ನೆನಪಾದವರಂತೆ, "ಈಗ ದಿನಾ ಹಚ್ಚೂಕೆ ಅಡ್ಡಿಲ್ಲ" ಎಂದರು.

ಆ ಮಾತಿಗೆ ನನ್ನಲ್ಲಿ ಉಳಿದಿದ್ದ ಧೈರ್ಯವೂ ಕರಗಿತು. ಹಚ್ಚಿದ್ದು ನಾನೇ ಅಕ್ಕೋರೇ, ತಪ್ಪಾಯ್ತು ಎಂದೆ. ಅಳು ಬಂದಿತ್ತು. ಅವರು ಸಮಾಧಾನ ಮಾಡುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು ಎಂದು ಕಾಣುತ್ತದೆ.

"ನನ್ನ ಹತ್ರ ಎಂತಕ್ಕೆ ಹೇಳ್ತೆ? ನಂಗೆ ಗೊತ್ತಿದ್ದದ್ದೇ ಅಲ್ವಾ. ಗಣಪತಿ ಹತ್ರ ಹೇಳು. ಅವ್ನ ಮುಖ ಅದು. ಆಮೇಲೆ ಸಾವಕಾರ್ರ ಹತ್ರ ಹೇಳು. ಅದೆರಡೂ ಆದ ಮೇಲೆ ಬಾ, ಚಾ ಕುಡಿಯೂಕೆ."

ಚಾ ಕೊಡದೆ ಕಳಿಸಿದರು. ನಮ್ಮೂರಲ್ಲಿ ಅಂಗಳಕ್ಕೆ ಬಂದವನಿಗೆ ಚಾ ಕೊಡದೆ ಕಳಿಸುವುದೆಂದರೆ ಸಣ್ಣ ಮಾತಲ್ಲ.

ಮರುದಿನ ಬೆಳಿಗ್ಗೆ ಗಣಪತಿಗೆ ಹೇಳಿದೆ. ಅವನು ನನ್ನನ್ನು ನೋಡಿದ, ನಲ್ಲಿಯ ಹತ್ತಿರ ಹೋದ, ಮುಖ ತೊಳೆದ. ಮತ್ತೊಮ್ಮೆ ತೊಳೆದ. ಹುಬ್ಬು, ಮೂಗು, ಕೆನ್ನೆ ಎಲ್ಲ ತನ್ನದೇ ಹೌದೋ ಎಂಬಂತೆ ಅಂಗೈಯಿಂದ ಮುಟ್ಟಿ ನೋಡಿಕೊಂಡ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ತನ್ನ ಡಬ್ಬಿಯಿಂದ ಒಂದು ತುಂಡು ಹುರಿದ ಬಂಗಡೆ ತೆಗೆದು ನನ್ನ ಅನ್ನದ ಮೇಲೆ ಇಟ್ಟ. ನಾನು ತಲೆ ಎತ್ತದೆ ತಿಂದೆ.

ಸಾವಕಾರ್ರಿಗೆ ಹೇಳಿದ್ದು ಗಣಪತಿಗೆ ಹೇಳಿದ ದಿನವೇ. ಅವರು ಏರಿಸಲು ತೆಗೆದ ನಶ್ಯವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಕದ್ವಾಡಕ್ಕೆ ರಿಕ್ಷಾ ಕಳಿಸಿದರು. ಅಕ್ಕೋರು ಬಂದಿಳಿದಾಗ ಕೂದಲು ಮತ್ತೆ ನಾರಿನಂತೆ ಹಾರುತ್ತಿತ್ತು. ಹೇಳಿ ಕಳಿಸುವ ಮೊದಲೇ ಶಿಗೆಕಾಯಿ ಹಾಕಿ ತೊಳೆದುಕೊಂಡಿದ್ದರು. ಸಾವಕಾರ್ರು ಚಾವಿ ಗೊಂಚಲು ಮೇಜಿನ ಮೇಲಿಟ್ಟು, "ಬಾಯೀ, ನಂದೂ ತಪ್ಪಾಯ್ತು. ಇವನನ್ನ ಇವತ್ತೇ ತೆಗೀತೆ" ಎಂದರು.

ಅಕ್ಕೋರು ಚಾವಿಗಳನ್ನು ಒಂದೊಂದಾಗಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇರ್ಲಿ ಬಿಡಿ. ಇವ ಇನ್ನು ಜನ್ಮದಾಗೆ ಎಣ್ಣೆ ಹಚ್ಚೂದಿಲ್ಲ. ಹೊಸಬ ಬಂದ್ರೆ ನಂಗೆ ಮತ್ತೆ ಮೊದ್ಲಿಂದ ಕಲಿಸೂ ಕೆಲ್ಸ."

ನನ್ನ ಕೆಲಸ ಉಳಿದದ್ದು ಹೀಗೆ. ಈಗ ನನ್ನ ಮನೆಯಲ್ಲಿ ಬೇಯುವ ಅನ್ನಕ್ಕೂ ಆ ಮಾತಿಗೂ ಸಂಬಂಧವಿದೆ.

ಮುಂದಿನ ಆದಿತ್ಯವಾರ ಚಾ ಕುಡಿಯಲು ಹೋದೆ. ಆ ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಸಿಲಿಂಡರ್ ಸಿಡಿದು ನಿಮ್ಮ ಮನೆಯಲ್ಲಿ ಯಾರು ಹೋದದ್ದು ಎಂದು. ಅವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು.

"ಯಾರೂ ಹೋಗ್ಲಿಲ್ಲ ಮಾರಾಯಾ. ಗಂಡ ಅಲ್ಲಿ ಬದನೆ ಗಿಡಕ್ಕೆ ನೀರು ಹಾಕ್ತೆ ಇದ್ದಾರೆ. ತಮ್ಮ ಹಣಕೋಣದಾಗೆ ಆರಾಮ ಇದ್ದಾನೆ."

"ಮತ್ತೆ ಇಷ್ಟೆಲ್ಲ ಹ್ಯಾಂಗೆ ಕಲಿತ್ರಿ?"

"ಓದಿದೆ. ಬರೆದಿತ್ತಲ್ಲ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗ್ಯಾಸ್ ಗಾಡಿಯವನು ಒಂದು ಕಾಗದ ಕೊಟ್ಟು ಹೋಗಿದ್ದನಂತೆ. ಅಂಥದ್ದು ಪ್ರತಿ ಸಲ ಬರುತ್ತಿತ್ತು, ನಮ್ಮವರು ಅದರಲ್ಲಿ ಮೀನಿನ ಮುಳ್ಳು ಕಟ್ಟಿ ಎಸೆಯುತ್ತಿದ್ದರು. ಇವರು ಅದನ್ನು ಮನೆಗೆ ಒಯ್ದು, ಇಂಗ್ಲಿಷಿನಲ್ಲಿದ್ದದ್ದನ್ನು ಊರಿನ ಹೈಸ್ಕೂಲಿನ ಮಾಸ್ತರರ ಹತ್ತಿರ ಕೇಳಿ ಕನ್ನಡದಲ್ಲಿ ಬರೆದುಕೊಂಡರು. ಬರೆದುಕೊಂಡ ಹಾಗೆಯೇ ನಡೆದರು, ಅಷ್ಟೇ. "ಸುಟ್ಕಂಡೇ ಕಲೀಬೇಕಾ ತಮಾ?" ಎಂದು ಕೇಳುತ್ತ ನನ್ನ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದರು.

ಅವರು ಇದ್ದಷ್ಟು ವರ್ಷ ಆ ಅಂಗಳದಲ್ಲಿ ಏನೂ ಆಗಲಿಲ್ಲ. ಏನೂ ಆಗದಿದ್ದದ್ದಕ್ಕೆ ಯಾರೂ ಯಾರಿಗೂ ಶಾಲು ಹೊದಿಸುವುದಿಲ್ಲ. ವಯಸ್ಸಾಗಿ ಅವರು ಕೆಲಸ ಬಿಟ್ಟ ದಿನ ಸಾವಕಾರ್ರು ಒಂದು ಗೋಡೆ ಗಡಿಯಾರ ಕೊಟ್ಟರು, ನಾವು ಪೇಡೆ ತಿಂದೆವು. ಎಷ್ಟು ಜನರ ಕಣ್ಣು, ಎಷ್ಟು ಜನರ ಬೆರಳು ಆ ಹೆಂಗಸಿನ ಮೂಗಿನಿಂದ ಉಳಿದಿವೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬನದು ಮಾತ್ರ ನನಗೆ ಗೊತ್ತಿದೆ, ದಿನಾ ಅವನ ಪಕ್ಕದಲ್ಲೇ ಕೆಲಸ ಮಾಡುತ್ತೇನೆ.

ಹೋದ ವಾರ ಕದ್ವಾಡದ ಮನೆಯಲ್ಲಿ ಅವರ ಫೋಟೋ ಇಟ್ಟಿದ್ದರು, ಅಬೋಲಿ ಹಾರ ಹಾಕಿ. ಮಗಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಚಾ ಕೊಟ್ಟಳು. ಅಲ್ಲಿ ಮನೆಯ ಗ್ಯಾಸ್ ಸಿಲಿಂಡರಿನ ಸೊಂಟಕ್ಕೂ ಒಂದು ಸರಪಳಿ, ಕಿಟಕಿಗೆ ಕಟ್ಟಿದ್ದು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಕೆಲಸ ಬಿಟ್ಟ ಮೇಲೆ ಆಯಿ ದಿನಾ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ಕೊನೆಯ ದಿನದವರೆಗೂ, ಎಂದು ಮಗಳು ಹೇಳಿದಳು. ಹೊರಡುವ ಮೊದಲು ಫೋಟೋದ ಮುಂದಿನ ದೀಪಕ್ಕೆ ನಾನೂ ಎಣ್ಣೆ ಹಾಕಿದೆ. ಬತ್ತಿ ಮುಂದೆ ಮಾಡಿ, ಕೈ ಮುಗಿದು, ಬೈಕು ಹತ್ತಿದೆ.

ಅಂಕೋಲೆಗೆ ಬಂದಾಗ ಅಂಗಡಿಯಲ್ಲಿ ಅವಸರದ ಕೆಲಸವಿತ್ತು. ಟ್ರ್ಯಾಕ್ಟರಿನ ಟ್ರಾಲಿಯ ಕೊಂಡಿ ತುಂಡಾಗಿ ಒಬ್ಬ ಕಾಯುತ್ತಿದ್ದ. ನಮ್ಮ ಅಂಗಡಿಗೂ ಒಂದು ಕಿಟಕಿಯಿದೆ, ಸರಳಿಗೆ ಬಿಳಿ ಬಟ್ಟೆಯಿದೆ. ಗಣಪತಿಯ ಹಳೆಯ ಪಂಚೆಯದು. ನಾನು ಅಂಗಿಯ ತೋಳು ಏರಿಸುತ್ತ, "ಚಾವಿ ಕೊಡು ಗಣಪಣ್ಣ, ನಾನೇ ಕೊಯ್ತೆ" ಎಂದೆ.

ಅವನು ಬಟ್ಟೆ ಮುಂದೆ ಮಾಡಿದ. ಒರೆಸಿದೆ. ಬೆಳಕಿಗೆ ಹಿಡಿದ. ಎರಡು ಬೆರಳಿನ ಹಳದಿ ಗುರುತು ಅಲ್ಲಿತ್ತು. ಮೂಗಿಗೆ ಹಿಡಿದ.

"ಇವತ್ತು ನಿಂಗೆ ಚಾವಿ ಇಲ್ಲ."

"ಅದು ಅಕ್ಕೋರ ದೀಪದ ಎಣ್ಣೆ ಮಾರಾಯಾ."

"ಅಕ್ಕೋರ ಎಣ್ಣೆಯಾದ್ರೂ ಎಣ್ಣೆಯೇ" ಎಂದ ಗಣಪತಿ.

ನಾನು ಮೆಟ್ಟಿಲ ಮೇಲೆ ಕೂತೆ. ಅವನು ಪುಸ್ತಕ ತೆಗೆದು ನನ್ನ ಹೆಸರು ಬರೆದು ಅದರ ಮುಂದೆ ಬರೆದ: ಕೈಯಲ್ಲಿ ಎಣ್ಣೆ. ಚಾವಿ ಕೊಟ್ಟಿಲ್ಲ. ಆಮೇಲೆ ತನ್ನ ಕೈ ಒರೆಸಿಕೊಂಡು, ಸಿಲಿಂಡರಿನ ಬದಿಗೆ ಸರಿದು ನಿಂತು, ಮುಖವನ್ನು ಆಚೆ ತಿರುಗಿಸಿ, ವಾಲ್ವನ್ನು ನಿಧಾನವಾಗಿ ತೆರೆದ. ಸುಂಯ್ ಎಂದಿತು. ಮತ್ತೇನೂ ಆಗಲಿಲ್ಲ. ಅವನು ಬರ್ನರು ಹೊತ್ತಿಸಿ ಬಗ್ಗಿದಾಗ ನೀಲಿ ಬೆಳಕು ಮುಖದ ಮೇಲೆ ಬಿತ್ತು. ಐವತ್ತಾದ ಮುಖ, ಅರ್ಧ ನರೆತ ಹುಬ್ಬು, ಗಲ್ಲದ ಮೇಲೆ ಎರಡು ದಿನದ ಗಡ್ಡ. ಎಲ್ಲ ಇದ್ದಲ್ಲೇ ಇತ್ತು. ಉಪಕಾರವಾಯ್ತು ಅಕ್ಕೋರೇ ಎಂದು ನಾನು ಕೂತಲ್ಲೇ ಬಾಯಿ ಬಿಟ್ಟು ಹೇಳಿದೆ. ಬರ್ನರಿನ ಸದ್ದಿನಲ್ಲಿ ಗಣಪತಿಗೆ ಕೇಳಿಸಲಿಲ್ಲ.